ಪೀಲಿಂಗ್ ಜೆಲ್ ಉಜ್ಜಿದಾಗ ಉದುರುವ ಬಿಳಿ ಸುರುಳಿ ನಿಜವಾಗಿಯೂ ಸತ್ತ ಚರ್ಮವಾ? ಮುಖ ಉರಿ ಬೇರೆ ಶುರುವಾಗಿದೆ

ಬೆಣ್ಣೆದೋಸೆ (ಸೋಮವಾರ ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಎರಡು ತಿಂಗಳ ಹಿಂದೆ ಗೆಳತಿಯ ರೂಮಿನಲ್ಲಿ ಮೊದಲ ಸಲ ಪೀಲಿಂಗ್ ಜೆಲ್ ನೋಡಿದೆ. ಒಣಗಿದ ಮುಖಕ್ಕೆ ಹಚ್ಚಿ ಬೆರಳಲ್ಲಿ ಮೆಲ್ಲಗೆ ತಿಕ್ಕಿದರೆ ಸಾಕು. ಸ್ಕೂಲಿನಲ್ಲಿ ರಬ್ಬರ್ ತಿಕ್ಕಿದಾಗ ಹಾಳೆ ಮೇಲೆ ಉಳಿಯುತ್ತಿತ್ತಲ್ಲ, ಅದೇ ಥರ ಸಣ್ಣ ಸಣ್ಣ ಸುರುಳಿ ಉದುರುತ್ತವೆ. ಬಿಳಿ, ಅಲ್ಲಲ್ಲಿ ಬೂದು. "ನೋಡೇ, ಇಷ್ಟು ಕೊಳೆ ಹೊತ್ಕೊಂಡು ಓಡಾಡ್ತಿದ್ದೀಯ" ಅಂದಳು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಅವತ್ತು ರಾತ್ರಿಯೇ ಆರ್ಡರ್ ಮಾಡಿದೆ.

ಟ್ಯೂಬಿನ ಮೇಲೆ ವಾರಕ್ಕೆ ಒಂದೆರಡು ಸಲ ಅಂತ ಬರೆದಿದೆ. ಮೊದಲು ಹಾಗೇ ಮಾಡಿದೆ. ಆದರೆ ಪ್ರತಿ ಸಲವೂ ಸುರುಳಿ ಅಷ್ಟಕ್ಕಷ್ಟೇ ಬರುತ್ತಿತ್ತು. ಕೊಳೆ ಇನ್ನೂ ಇದೆ ಅಂದುಕೊಂಡೆ. ವಾರಕ್ಕೆ ಮೂರಾಯಿತು, ನಾಲ್ಕಾಯಿತು. ಅರ್ಧ ನಿಮಿಷ ತಿಕ್ಕುತ್ತಿದ್ದವಳು ಮೊಬೈಲಿನಲ್ಲಿ ಸೀರಿಯಲ್ ಹಾಕಿಕೊಂಡು ನಾಲ್ಕೈದು ನಿಮಿಷ ತಿಕ್ಕತೊಡಗಿದೆ.

ಕಳೆದ ಶನಿವಾರ ಅಕ್ಕನ ಮನೆ ಗೃಹಪ್ರವೇಶ. ಶುಕ್ರವಾರ ಬೆಳಿಗ್ಗೆ ಪಾರ್ಲರಿನಲ್ಲಿ ಹುಬ್ಬು, ಮೇಲ್ತುಟಿ ಥ್ರೆಡಿಂಗ್. ಸಂಜೆ ಜೆಲ್. ಅದರ ಮೇಲೆ ವಿಟಮಿನ್ ಸಿ ಸೀರಮ್. ಶನಿವಾರ ಬೆಳಿಗ್ಗೆ ಮುಖಕ್ಕೆ ನೀರು ಹಾಕಿದೆ ನೋಡಿ, ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ಮುಖಕ್ಕೆ ಒರೆಸಿಕೊಂಡ ಹಾಗೆ. ಹೋಮದ ಮುಂದೆ ಕೂತು ಅತ್ತಿದ್ದೂ ಆಯಿತು. ಎಲ್ಲರೂ ಹೊಗೆಗೆ ಅಂದುಕೊಂಡರು, ಅಷ್ಟೇ ಪುಣ್ಯ.

ಈಗ ಮೂಗಿನ ಎರಡೂ ಪಕ್ಕ ಚರ್ಮ ಪ್ಲಾಸ್ಟಿಕ್ ಹಾಳೆ ಥರ ಮಿಂಚುತ್ತಿದೆ, ನಕ್ಕರೆ ಬಿಗಿಯುತ್ತದೆ. ಮೇಲ್ತುಟಿಯ ಮೇಲೆ ಕೆಂಪು. ಯಾವಾಗಲೂ ಹಚ್ಚುವ ಮಾಯಿಶ್ಚರೈಸರ್ ಕೂಡ ಉರಿಯುತ್ತಿದೆ. ಏನು ಮಾಡಲಿ? ಮತ್ತೆ ಆ ಸುರುಳಿ ನಿಜವಾಗಿಯೂ ಚರ್ಮವಾ?

ಲ್ಯಾಬ್‌ಕೋಟು (ಸೋಮವಾರ ರಾತ್ರಿ 11:25)

ಕಾಸ್ಮೆಟಿಕ್ ತಯಾರಿಕೆಯಲ್ಲಿ ಎಂಟು ವರ್ಷ ಕೆಲಸ ಮಾಡಿದ್ದೇನೆ. ಎರಡನೇ ಪ್ರಶ್ನೆ ನನ್ನದು. ಮೊದಲನೆಯದನ್ನು ಡಾಕ್ಟರು ಯಾರಾದರೂ ಬಂದು ಹೇಳಲಿ.

ಆ ಸುರುಳಿ ಬಹುಪಾಲು ಜೆಲ್ಲೇ. ನಿಮ್ಮ ಚರ್ಮ ಅಲ್ಲ.

ಟ್ಯೂಬ್ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ಕಾರ್ಬೋಮರ್ ಅಥವಾ ಅಕ್ರಿಲೇಟ್ ಅಂತ ಒಂದು ಹೆಸರು ಇರುತ್ತದೆ. ಜೆಲ್ಲನ್ನು ಗಟ್ಟಿ ಮಾಡುವ ಪಾಲಿಮರ್ ಅದು. ಸ್ವಲ್ಪ ಕೆಳಗೆ ಸ್ಟಿಯಾರ್‌ಟ್ರೈಮೋನಿಯಂ ಕ್ಲೋರೈಡ್ ಥರ, "ಮೋನಿಯಂ ಕ್ಲೋರೈಡ್" ಅಂತ ಮುಗಿಯುವ ಇನ್ನೊಂದು ಹೆಸರು ಇರುತ್ತದೆ. ಹೇರ್ ಕಂಡೀಷನರಿನಲ್ಲಿ ಇರುವ ಜಾತಿಯದೇ. ಮೊದಲನೆಯದಕ್ಕೆ ಋಣ ವಿದ್ಯುದಂಶ, ಎರಡನೆಯದಕ್ಕೆ ಧನ. ನೀವು ತಿಕ್ಕಿದಾಗ ನೀರು ಆರುತ್ತದೆ, ಬೆವರಿನ ಉಪ್ಪು ಸೇರುತ್ತದೆ, ಜೆಲ್ ಒಡೆಯುತ್ತದೆ. ಆಗ ಇವೆರಡೂ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಬೆರಳು ಓಡಿದಂತೆ ಮುದ್ದೆ ಸುರುಳಿಯಾಗುತ್ತದೆ. ಕೆಲವು ಜೆಲ್‌ಗಳಲ್ಲಿ ಸೆಲ್ಯುಲೋಸ್ ಪುಡಿಯೇ ಈ ಕೆಲಸ ಮಾಡುತ್ತದೆ.

ಹಾಗಂತ ಪೂರ್ತಿ ಮೋಸ ಅಲ್ಲ. ಅಂಟುವ ಮುದ್ದೆ ಚರ್ಮದ ಮೇಲೆ ಹೊರಳುವಾಗ ಆಗಲೇ ಸಡಿಲವಾಗಿರುವ ಸಿಪ್ಪೆಯನ್ನು, ಎಣ್ಣೆ ಜಿಡ್ಡನ್ನು, ಉಳಿದ ಸನ್‌ಸ್ಕ್ರೀನನ್ನು ಹಿಡಿದುಕೊಂಡು ಬರುತ್ತದೆ. ಬೂದು ಬಣ್ಣ ಬರುವುದು ಅದರಿಂದಲೇ. ಆದರೆ ಪ್ರಮಾಣ ನೋಡಿ. ಮುಖದ ಹೊರಗಿನ ಸತ್ತ ಪದರ ಒಂದು ಮಿಲಿಮೀಟರಿನ 50ನೇ ಒಂದು ಭಾಗದಷ್ಟು ದಪ್ಪ, ಅಷ್ಟೂ ಇರುವುದಿಲ್ಲ. ನೀವು ಕಂಡಷ್ಟು ಸುರುಳಿ ಚರ್ಮವೇ ಆಗಿದ್ದರೆ ಎರಡನೇ ವಾರಕ್ಕೆ ಮುಖವೇ ಉಳಿಯುತ್ತಿರಲಿಲ್ಲ.

ನಂಬಿಕೆ ಬರದಿದ್ದರೆ ಒಂದು ಸ್ಟೀಲ್ ತಟ್ಟೆ ತೊಳೆದು, ಒರೆಸಿ, ಅದರ ಮೇಲೆ ಕಡಲೆಕಾಳಿನಷ್ಟು ಜೆಲ್ ಹಾಕಿ ತಿಕ್ಕಿ. ಬೆರಳಿನ ಚರ್ಮ ಬಂತು ಅನ್ನಬಾರದಲ್ಲ, ಅದಕ್ಕೆ ಬೆರಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳಿ.

ಬೆಣ್ಣೆದೋಸೆ (ಸೋಮವಾರ ರಾತ್ರಿ 11:58)

ಈಗಷ್ಟೇ ಮಾಡಿದೆ. ಅಡುಗೆಮನೆ ಕಟ್ಟೆ ಮೇಲೆ, ಹಾಲಿನ ಪಾಕೀಟು ಕತ್ತರಿಸಿ ಬೆರಳಿಗೆ ಸುತ್ತಿಕೊಂಡು.

ಮೊದಲು ಏನೂ ಆಗಲಿಲ್ಲ, ಸುಮ್ನೆ ಜಾರುತ್ತಿತ್ತು. ಹತ್ತು ಹನ್ನೆರಡು ಸುತ್ತು ಆದಮೇಲೆ ಬೆರಳಿನಡಿ ಸ್ವಲ್ಪ ಹಿಡಿದ ಹಾಗಾಯಿತು. ಆಮೇಲೆ ಒಂದೊಂದೇ ಸುರುಳಿ. ಶಾವಿಗೆ ಚೂರಿನ ಹಾಗೆ, ತುದಿ ಚೂಪು, ನಡುವೆ ದಪ್ಪ. ಮುಖದ ಮೇಲೆ ಬಂದಷ್ಟು ಬರಲಿಲ್ಲ, ಆದರೆ ಅದೇ ಸುರುಳಿ, ಅದೇ ಬಿಳಿ. ತಟ್ಟೆ ನಿನ್ನೆ ತಾನೇ ತಗೊಂಡ ಹೊಸದು, ಸ್ಟಿಕ್ಕರಿನ ಗುರುತು ಇನ್ನೂ ಹೋಗಿಲ್ಲ. ಅದಕ್ಕೆಲ್ಲಿಯ ಸತ್ತ ಚರ್ಮ!

ನೀರು ಕುಡಿಯಲು ಎದ್ದುಬಂದ ಅಮ್ಮ "ಈ ಹೊತ್ತಲ್ಲಿ ಪಾತ್ರೆ ಯಾಕೆ ತೊಳೀತಿದ್ದೀಯ" ಅಂದರು.

ಎರಡು ತಿಂಗಳಿಂದ ನಾನು ಉಜ್ಜಿ ತೆಗೆಯುತ್ತಿದ್ದದ್ದು ನಾನೇ ಹಚ್ಚಿದ್ದನ್ನು.

ಓಪಿಡಿ_ಮುಗಿಸಿ (ಮಂಗಳವಾರ ಬೆಳಿಗ್ಗೆ 6:50)

ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಮುಖ ನೋಡದೆ ಇದೇ ಅಂತ ಹೇಳಲಾರೆ. ನೀವು ಬರೆದದ್ದನ್ನು ಓದಿದರೆ ಅತಿಯಾಗಿ ಉಜ್ಜಿ ಹೊರಪದರ ಕಿತ್ತುಹೋದವರು ಹೇಳುವ ಮಾತೇ ಇದು. ನೀರೂ ಉರಿಯುತ್ತದೆ, ಹಳೆ ಕ್ರೀಮೂ ಉರಿಯುತ್ತದೆ, ಚರ್ಮ ಬಿಗಿದು ಮಿಂಚುತ್ತದೆ.

ಆ ಸತ್ತ ಪದರವನ್ನು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಒಣ ಕೋಶಗಳು ಇಟ್ಟಿಗೆ, ನಡುವಿನ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳು ಗಾರೆ. ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನದು ಒಳಗೆ ಬರದ ಹಾಗೆ ತಡೆಯುವುದು ಈ ಗೋಡೆಯೇ. "ಸತ್ತ ಚರ್ಮ" ಅಂದ ತಕ್ಷಣ ಕಸ ಅಂದುಕೊಳ್ಳುತ್ತೇವೆ. ಅದು ಕಸ ಅಲ್ಲ, ಮನೆಯ ಗೋಡೆ. ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸುಮಾರು 4 ವಾರ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ನೀವು ವಾರಕ್ಕೆ ನಾಲ್ಕು ಸಲ ಕೆಡವಿದರೆ ಕಟ್ಟಲು ಅದಕ್ಕೆ ಪುರುಸೊತ್ತೆಲ್ಲಿ?

ಈಗ ಮಾಡಬೇಕಾದದ್ದು ಇಷ್ಟೇ. ಜೆಲ್, ಸ್ಕ್ರಬ್, ವಿಟಮಿನ್ ಸಿ, ರೆಟಿನಾಲ್, ಸ್ಯಾಲಿಸಿಲಿಕ್ ಫೇಸ್‌ವಾಶ್, ಟೋನರ್, ರೋಸ್ ವಾಟರ್, ಅರಿಶಿನ, ಎಲ್ಲಾ ಬಂದ್. ಬೆಳಿಗ್ಗೆ ಬರೀ ನೀರು, ಬಿಸಿ ಬೇಡ. ರಾತ್ರಿ ನೊರೆ ಕಡಿಮೆ ಇರುವ, ವಾಸನೆ ಇಲ್ಲದ ಕ್ಲೆನ್ಸರ್. ಟವೆಲಿನಲ್ಲಿ ಒತ್ತಿ ಒರೆಸಿ, ತಿಕ್ಕಬೇಡಿ. ಚರ್ಮ ಇನ್ನೂ ತೇವ ಇರುವಾಗಲೇ ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ. ಅದೂ ಉರಿಯುತ್ತಿದ್ದರೆ ಬಿಳಿ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸಾಕು. ಮೊಡವೆ ಜಾಸ್ತಿ ಇರುವ ಜಾಗ ಬಿಡಿ. ಹಗಲು ಹೊರಗೆ ಹೋದರೆ ಕೊಡೆ, ದುಪಟ್ಟಾ. ಸನ್‌ಸ್ಕ್ರೀನ್ ಉರಿಯದಿದ್ದರೆ ಹಚ್ಚಿ. ಝಿಂಕ್ ಆಕ್ಸೈಡ್ ಇರುವುದನ್ನು ಹೆಚ್ಚಿನವರ ಮುಖ ಸಹಿಸುತ್ತದೆ.

ಗುಳ್ಳೆ ಎದ್ದರೆ, ನೀರು ಜಿನುಗಿದರೆ, ಕಣ್ಣರೆಪ್ಪೆ ಊದಿದರೆ, ಒಂದು ವಾರವಾದರೂ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮನೆಯ ಡಬ್ಬಿಯಲ್ಲಿ ಯಾವುದೋ ತುರಿಕೆ ಮುಲಾಮು ಇರುತ್ತಲ್ಲ, ಅದನ್ನು ಮಾತ್ರ ಮುಖಕ್ಕೆ ಹಚ್ಚಬೇಡಿ. ಹೆಚ್ಚಿನವುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ.

ಇನ್ನೊಂದು ಮಾತು. ನಮ್ಮದು ಕಂದು ಚರ್ಮ. ಬಿಳಿಯರಿಗೆ ಹೀಗಾದರೆ ಕೆಂಪಾಗಿ ಒಂದು ವಾರಕ್ಕೆ ಹೋಗುತ್ತದೆ. ನಮಗೆ ಕೆಂಪು ಹೋದಮೇಲೆ ಕಪ್ಪು ಬರಬಹುದು, ಅದು ಹೋಗಲು ತಿಂಗಳುಗಟ್ಟಲೆ ಬೇಕು. ಕಲೆ ಹೋಗಲಿ ಅಂತ ಉಜ್ಜಿ ಕಲೆ ತಂದುಕೊಂಡವರನ್ನು ವಾರ ವಾರ ನೋಡುತ್ತೇನೆ. ಅದಕ್ಕೇ ಈಗ ಬಿಸಿಲಿನ ವಿಷಯದಲ್ಲಿ ಉಡಾಫೆ ಬೇಡ.

ಅಜ್ಜಿಮನೆ (ಮಂಗಳವಾರ ಬೆಳಿಗ್ಗೆ 9:15)

ಇದಕ್ಕೆಲ್ಲಾ ದುಡ್ಡು ಸುರಿಯುವ ಬದಲು ಕಡಲೆಹಿಟ್ಟು, ಹಾಲಿನ ಕೆನೆ, ಚಿಟಿಕೆ ಅರಿಶಿನ. ನಮ್ಮಜ್ಜಿ 84 ವರ್ಷ ಬದುಕಿದ್ದು ಇದರಲ್ಲೇ, ಮುಖ ಕನ್ನಡಿ ಥರ ಇತ್ತು. ಈಗಿನವರಿಗೆ ಡಬ್ಬಿಯಲ್ಲಿ ಬಂದರೆ ಮಾತ್ರ ನಂಬಿಕೆ.

ಕುಮಟೆ_ಕಡಲು (ಮಂಗಳವಾರ ಬೆಳಿಗ್ಗೆ 9:40)

ಅಜ್ಜಿ ದಿನಾ ಹಚ್ಚುತ್ತಿದ್ದರಾ? ನಮ್ಮ ಮನೆಯಲ್ಲಿ ಹಿಟ್ಟು ತಿಕ್ಕುತ್ತಿದ್ದದ್ದು ದೀಪಾವಳಿಗೆ, ಯುಗಾದಿಗೆ, ಬಾಣಂತಿಗೆ. ಅದೂ ಮೈತುಂಬಾ ಎಣ್ಣೆ ಹಚ್ಚಿದ ಮೇಲೆ. ಎಣ್ಣೆ ಮೇಲೆ ಹಿಟ್ಟು ಹಾಕುವುದಕ್ಕೂ, ಒಣ ಮುಖಕ್ಕೆ ಹಿಟ್ಟು ಹಚ್ಚಿ ಒಣಗಿಸಿ ಕೆರೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ ಅಲ್ವಾ? ರೀಲ್ಸಿನಲ್ಲಿ ಬರುವುದು ಎರಡನೆಯದು.

ಲ್ಯಾಬ್‌ಕೋಟು (ಮಂಗಳವಾರ ಮಧ್ಯಾಹ್ನ 1:10)

ಕುಮಟೆಯವರ ಮಾತು ನೂರಕ್ಕೆ ನೂರು. ಕಡಲೆಹಿಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ನುಣ್ಣಗೆ ಜರಡಿ ಹಿಡಿದು, ಒದ್ದೆ ಇರುವಾಗಲೇ ತೊಳೆದರೆ ತೊಂದರೆ ಕಡಿಮೆ. ಸಿಟ್ಟು ಇರುವುದು ನಿಂಬೆಹಣ್ಣು ಸಕ್ಕರೆ ಜೋಡಿಯ ಮೇಲೆ. ಪಿಎಚ್ ಅಂದರೆ ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ. ನಿಂಬೆರಸದ ಪಿಎಚ್ 2ರ ಆಸುಪಾಸು, ಚರ್ಮದ್ದು 5ರ ಹತ್ತಿರ. ಜೊತೆಗೆ ನಿಂಬೆಜಾತಿಯ ಹಣ್ಣಿನ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಗಾಯದ ಹಾಗೆ ಗುಳ್ಳೆ, ಆಮೇಲೆ ಕಪ್ಪು ಪಟ್ಟೆ. ಸಕ್ಕರೆ ಹರಳಿಗೆ ಮೂಲೆಗಳಿವೆ, ಮುಖಕ್ಕೆ ಅದು ಮರಳು ಕಾಗದ. ಅಡುಗೆ ಸೋಡಾ ಇನ್ನೊಂದು ತುದಿ, ಅದು ಕ್ಷಾರ.

ಅಜ್ಜಿಮನೆ (ಮಂಗಳವಾರ ಮಧ್ಯಾಹ್ನ 1:32)

ಸರಿ ಸ್ವಾಮಿ, ನಿಂಬೆಹಣ್ಣು ನಾನು ಹೇಳಲೇ ಇಲ್ಲ. ಎಣ್ಣೆ ವಿಷಯ ಮಾತ್ರ ಹೌದು, ಅಜ್ಜಿ ಮೊದಲು ಎಣ್ಣೆ ಹಚ್ಚುತ್ತಿದ್ದಳು, ಮರೆತಿದ್ದೆ.

ಮಂಡ್ಯದ_ಕಬ್ಬು (ಮಂಗಳವಾರ ಸಂಜೆ 6:05)

ಗ್ಲೈಕೋಲಿಕ್ ಆಸಿಡ್ ಕಬ್ಬಿನಿಂದ ಬರುತ್ತೆ ಅಂತ ಡಬ್ಬಿ ಮೇಲೆ ಕಬ್ಬಿನ ಚಿತ್ರ ಹಾಕಿರುತ್ತಾರೆ. ಹಾಗಾದರೆ ಟನ್ನಿಗೆ ನಮಗೆ ಸ್ವಲ್ಪ ಜಾಸ್ತಿ ಕೊಡಿ ಅಂತ ಕೇಳಬಹುದಲ್ಲ?

ತಮಾಷೆ ಬಿಡಿ. ಮದುವೆ ಗೊತ್ತಾಗಿದೆ, ಆರು ತಿಂಗಳಿದೆ. ಮುಖ ಒರಟು, ಮೂಗಿನ ಮೇಲೆ ಕಪ್ಪು ಚುಕ್ಕೆ. ಗಂಡಸರೂ ಹಚ್ಚಬಹುದು ತಾನೇ? ಅಂಗಡಿಯಲ್ಲಿ ಎಕ್ಸ್‌ಫೋಲಿಯೇಟಿಂಗ್ ಜೆಲ್, ಅಂದರೆ ಸತ್ತ ಪದರ ತೆಗೆಯುವ ಜೆಲ್ ಅಂತ ಕೇಳಿದರೆ ಹತ್ತು ಥರ ತೋರಿಸುತ್ತಾರೆ. ಯಾವುದು ತಗೋಬೇಕು?

ಲ್ಯಾಬ್‌ಕೋಟು (ಮಂಗಳವಾರ ರಾತ್ರಿ 9:30)

ಗಂಡಸರ ಚರ್ಮಕ್ಕೂ ಇದೇ ನಿಯಮ. ಗ್ಲೈಕೋಲಿಕ್ ಕಬ್ಬಿನಲ್ಲಿ ಇದೆ ನಿಜ, ಆದರೆ ಡಬ್ಬಿಗೆ ಹೋಗುವುದು ಹೆಚ್ಚಾಗಿ ಕಾರ್ಖಾನೆಯ ರಾಸಾಯನಿಕದಿಂದ ಮಾಡಿದ್ದು. ಕಬ್ಬಿನ ಬಿಲ್ಲಿಗೆ ಸೇರಿಸಲು ಆಗಲ್ಲ, ಕ್ಷಮಿಸಿ.

ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತು ಮಾರುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ಸುರುಳಿ ಬರುವ ಪೀಲಿಂಗ್ ಜೆಲ್ ಬಗ್ಗೆ ಮೇಲೆ ಹೇಳಿದೆ. ಇನ್ನೊಂದು ಕಾಳು ಇರುವ ಜೆಲ್: ಅಕ್ರೋಟು ಸಿಪ್ಪೆ, ಏಪ್ರಿಕಾಟ್ ಬೀಜ, ಕಾಫಿಪುಡಿ. ಮೊದಲು ಪ್ಲಾಸ್ಟಿಕ್ ಮಣಿ ಹಾಕುತ್ತಿದ್ದರು, ಅದು ಚರಂಡಿ ದಾಟಿ ನದಿ, ಸಮುದ್ರ ಸೇರುತ್ತದೆ ಅಂತ ಅಮೆರಿಕದಲ್ಲಿ 2015ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು. ಮುಖಕ್ಕೆ ಈ ಕಾಳಿನ ಜೆಲ್ ನಾನಂತೂ ಕೊಳ್ಳುವುದಿಲ್ಲ. ಹಿಮ್ಮಡಿಗೆ ಓಕೆ.

ಮೂರನೆಯದು ಆಸಿಡ್ ಇರುವ ಜೆಲ್. ಇದರಲ್ಲಿ ಉಜ್ಜುವ ಕೆಲಸವೇ ಇಲ್ಲ, ಇಟ್ಟಿಗೆಗಳ ನಡುವಿನ ಹಿಡಿತವನ್ನು ಆಸಿಡ್ ಸಡಿಲಿಸುತ್ತದೆ. ಗ್ಲೈಕೋಲಿಕ್ ಅಣು ತೀರಾ ಚಿಕ್ಕದು, ಬೇಗ ಒಳಗೆ ಇಳಿಯುತ್ತದೆ, ಉರಿಯೂ ಜಾಸ್ತಿ. ಲ್ಯಾಕ್ಟಿಕ್ ಸ್ವಲ್ಪ ಮೃದು, ಮ್ಯಾಂಡೆಲಿಕ್ ಅಣು ದೊಡ್ಡದು, ನಿಧಾನ. ಕಂದು ಚರ್ಮದವರು ಮೊದಲ ಸಲ ಶುರು ಮಾಡುವುದಾದರೆ ಇವೆರಡರಲ್ಲಿ ಒಂದು ಅನ್ನುವುದು ನನ್ನ ಅಭಿಪ್ರಾಯ. ಗ್ಲುಕೋನೋಲ್ಯಾಕ್ಟೋನ್ ಇನ್ನೂ ಮೆತ್ತಗೆ. ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ಕರಗುತ್ತದೆ, ಅದಕ್ಕೇ ರಂಧ್ರದೊಳಗೆ ಇಳಿಯುತ್ತದೆ. ನಿಮ್ಮ ಮೂಗಿಗೆ ಬೇಕಾದದ್ದು ಅದು, 2%ಗಿಂತ ಜಾಸ್ತಿ ಬೇಡ. ಅಂದಹಾಗೆ ಮೂಗಿನ ಮೇಲಿನ ಚುಕ್ಕೆಗಳೆಲ್ಲಾ ಬ್ಲ್ಯಾಕ್‌ಹೆಡ್ ಅಲ್ಲ. ಹಿಂಡಿದರೆ ಬಿಳಿ ದಾರದ ಹಾಗೆ ಬರುತ್ತಾ? ಅದು ಎಣ್ಣೆಗ್ರಂಥಿಯ ಸಹಜ ತುಂಬು, ತೆಗೆದರೂ ತಿಂಗಳೊಳಗೆ ಮತ್ತೆ ಬರುತ್ತದೆ. ಅದನ್ನು ಓಡಿಸಲು ಹೋಗಿ ಮೂಗು ಸುಲಿದುಕೊಂಡವರು ಬಹಳ ಜನ.

ಮತ್ತೆ ಶೇಕಡಾ ಎಷ್ಟು ಅಂತ ಮಾತ್ರ ನೋಡಬೇಡಿ, ಪಿಎಚ್ ಎಷ್ಟು ಅಂತಲೂ ನೋಡಿ. ಅದೇ 10% ಪಿಎಚ್ 4ರಲ್ಲಿ ಸಾಧು, ಪಿಎಚ್ 2.5ರಲ್ಲಿ ಹಾಯುವ ಹೋರಿ. ಮನೆಬಳಕೆಗೆ ಗ್ಲೈಕೋಲಿಕ್, ಲ್ಯಾಕ್ಟಿಕ್ 10% ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗೆ ಇರಬಾರದು ಅನ್ನುವುದು ಅಮೆರಿಕದ ಕಾಸ್ಮೆಟಿಕ್ ಇನ್‌ಗ್ರೀಡಿಯಂಟ್ ರಿವ್ಯೂ ಪರಿಣತರ ಮಿತಿ. ಯುರೋಪಿನ ಸಮಿತಿಯದು ಇನ್ನೂ ಬಿಗಿ, ಗ್ಲೈಕೋಲಿಕ್ 4%, ಪಿಎಚ್ 3.8. 30% ಅಂತ ಕೆಂಪು ಬಣ್ಣದ ಬಾಟಲಿ ಆನ್‌ಲೈನಿನಲ್ಲಿ ಸಿಗುತ್ತದೆ ಅಂತ ಮನೆಯಲ್ಲಿ ಮೊದಲ ಸಲವೇ ಅದನ್ನು ಹಚ್ಚಬೇಡಿ.

ಡಬ್ಬಿಯ ಹಿಂದೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನವರೆಗೆ ಬಳಸಬಹುದು, ಪದಾರ್ಥಗಳ ಪಟ್ಟಿ ಇರಲೇಬೇಕು. ಹೊರದೇಶದ ಸರಕಾದರೆ ಆಮದು ಮಾಡಿದವರ ಹೆಸರು, ನೋಂದಣಿ ನಂಬರ್. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಇದು ಕಡ್ಡಾಯ. ಕೊರಿಯನ್ ಅಕ್ಷರ ಮಾತ್ರ ಇದ್ದು ಇವು ಯಾವುವೂ ಇಲ್ಲದಿದ್ದರೆ, ಎಷ್ಟು ಅಗ್ಗ ಇದ್ದರೂ ಅಲ್ಲೇ ಇಟ್ಟು ಬನ್ನಿ.

ನ್ಯೂಜೆರ್ಸಿ_ಕನ್ನಡತಿ (ಬುಧವಾರ ಬೆಳಿಗ್ಗೆ 7:20)

ಇಲ್ಲಿಯ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ಜಾಸ್ತಿ ಶೇಕಡಾವಾರಿನ ಕೆಮಿಕಲ್ ಪೀಲ್ (ಆಸಿಡ್ ಹಚ್ಚಿ ಚರ್ಮದ ಪದರ ಸುಲಿಸುವುದು) ಆನ್‌ಲೈನಿನಲ್ಲಿ ತಂದು ಡಾಕ್ಟರಿಲ್ಲದೆ ಹಚ್ಚಿಕೊಳ್ಳಬೇಡಿ, ಚರ್ಮ ಸುಡಬಹುದು ಅಂತ. ಗ್ಲೈಕೋಲಿಕ್ ಜಾತಿಯ ಆಸಿಡ್ ಇರುವ ಕ್ರೀಮುಗಳ ಮೇಲೆ ಬಿಸಿಲಿನ ಎಚ್ಚರಿಕೆ ಹಾಕಿ ಅಂತ ಕಂಪನಿಗಳಿಗೆ 2005ರಿಂದಲೂ ಹೇಳುತ್ತಿದೆ. ಬಳಸುವಾಗ ಮಾತ್ರ ಅಲ್ಲ, ನಿಲ್ಲಿಸಿದ ಮೇಲೂ ಒಂದು ವಾರ ಬಿಸಿಲಿನಿಂದ ಜೋಪಾನ. ಆ ಕೊನೆಯ ಸಾಲನ್ನು ಯಾರೂ ಓದುವುದಿಲ್ಲ.

ಸುರುಳಿ ಜೆಲ್ಲಿಗೆ ಫ್ರೆಂಚಿನಲ್ಲಿ ಗೊಮ್ಮಾಜ್ ಅನ್ನುತ್ತಾರೆ, ಅಂದರೆ ರಬ್ಬರಿನಿಂದ ಅಳಿಸುವುದು. ಬೆಣ್ಣೆದೋಸೆಗೆ ಸ್ಕೂಲಿನ ರಬ್ಬರ್ ನೆನಪಾಗಿದ್ದು ಸರಿಯಾಗೇ ಇದೆ.

ರಾಯಚೂರ್_ಬಿಸಿಲು (ಬುಧವಾರ ಬೆಳಿಗ್ಗೆ 11:00)

ಬಿಸಿಲಿನಿಂದ ದೂರ ಇರಿ ಅಂತ ಹೇಳುವವರು ಏಪ್ರಿಲಿನಲ್ಲಿ ನಮ್ಮೂರಿಗೆ ಬಂದು ತೋರಿಸಲಿ. ಫೀಲ್ಡ್ ಕೆಲಸ ನನ್ನದು, ಬೆಳಿಗ್ಗೆ 9ರಿಂದ 4ರವರೆಗೆ ಬೈಕು. ನನ್ನಂಥವರು ಹಚ್ಚಬೇಕಾ ಬೇಡವಾ, ನೇರ ಹೇಳಿ.

ಓಪಿಡಿ_ಮುಗಿಸಿ (ಬುಧವಾರ ಮಧ್ಯಾಹ್ನ 2:45)

ನೇರ ಹೇಳುತ್ತೇನೆ, ಬೇಡ. ಕನಿಷ್ಠ ಬೇಸಿಗೆಯಲ್ಲಿ ಬೇಡ. ಆ ದುಡ್ಡಿಗೆ ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ತಗೊಳ್ಳಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದರೆ ಎಷ್ಟಾಗುತ್ತೋ ಅಷ್ಟು ಮುಖ ಕುತ್ತಿಗೆಗೆ. ಎರಡು ಮೂರು ಗಂಟೆಗೊಮ್ಮೆ ಮತ್ತೆ. ಹೆಲ್ಮೆಟ್ಟಿನ ಒಳಗೆ ತೆಳು ಹತ್ತಿ ಬಟ್ಟೆ. ಮುಖ ಒರಟಾಗಿರುವುದಕ್ಕೆ ಬಿಸಿಲು, ಧೂಳೇ ಕಾರಣ ಇರಬಹುದು. ಎಕ್ಸ್‌ಫೋಲಿಯೇಶನ್ ಎಲ್ಲರಿಗೂ ಬೇಕೇ ಬೇಕು ಅಂತ ಯಾವ ಪುಸ್ತಕದಲ್ಲೂ ಇಲ್ಲ. ಚರ್ಮ ತಾನೇ ಉದುರಿಸಿಕೊಳ್ಳುತ್ತದೆ.

ಹತ್ತನೇ_ಕ್ಲಾಸ್_ಅಮ್ಮ (ಬುಧವಾರ ರಾತ್ರಿ 8:10)

ಮಗಳಿಗೆ 15. ಹಣೆ ತುಂಬಾ ಮೊಡವೆ. ಬಾಗಿಲು ಹಾಕಿಕೊಂಡು ಸ್ಕ್ರಬ್ ತಿಕ್ಕುತ್ತಾಳೆ, ಹೇಳಿದರೆ ಜಗಳ. ಸುರುಳಿ ಜೆಲ್ ಆದರೂ ಮೃದು ಅಂತಾರಲ್ಲ, ಅದನ್ನು ಕೊಡಿಸಲಾ?

ಓಪಿಡಿ_ಮುಗಿಸಿ (ಬುಧವಾರ ರಾತ್ರಿ 10:20)

ಕೊಡಿಸಬೇಡಿ. ಮೊಡವೆ ಕೊಳೆಯಿಂದ ಬರುವುದಲ್ಲ, ಆದ್ದರಿಂದ ತಿಕ್ಕಿದರೆ ಹೋಗುವುದೂ ಇಲ್ಲ. ಊತ ಇರುವ ಮೊಡವೆ ಮೇಲೆ ತಿಕ್ಕಿದರೆ ಊತ ಜಾಸ್ತಿ, ಆಮೇಲೆ ಕಲೆ. ಅವಳಿಗೆ ಅಡಾಪಲೀನ್ ಅಥವಾ ಬೆಂಝಾಯಿಲ್ ಪೆರಾಕ್ಸೈಡ್ ಥರದ ಮೊಡವೆ ಔಷಧ ಬೇಕಾಗಬಹುದು, ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ಅದು ಶುರುವಾದ ಮೇಲಂತೂ ಸ್ಕ್ರಬ್, ಜೆಲ್ ಎರಡೂ ದೂರ. ಆ ಔಷಧಗಳೇ ಚರ್ಮ ಒಣಗಿಸುತ್ತವೆ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ವ್ಯಾಕ್ಸಿಂಗ್ ಕೂಡ ಮಾಡಿಸಬಾರದು, ಚರ್ಮವೇ ಕಿತ್ತು ಬರಬಹುದು.

ಮಗಳಿಗೆ ಆ ತಟ್ಟೆ ಪ್ರಯೋಗ ತೋರಿಸಿ. ಬೈಗುಳಕ್ಕಿಂತ ಅದು ಬೇಗ ತಾಗಬಹುದು.

ಕುಮಟೆ_ಕಡಲು (ಗುರುವಾರ ಬೆಳಿಗ್ಗೆ 10:05)

ನನ್ನದೂ ಒಂದು ಕಥೆ ಹೇಳಿಬಿಡುತ್ತೇನೆ. ಎರಡನೇ ಹೆರಿಗೆ ಆದಮೇಲೆ ಕೆನ್ನೆ ಮೇಲೆ ಬಂಗು ಬಂತು. ಪಾರ್ಲರಿನಲ್ಲಿ ಪೀಲಿಂಗ್ ಜೆಲ್ ಮಾಡಿ, ಕೊನೆಗೆ ಒಂದು ಕ್ರೀಮ್ ಕೊಟ್ಟರು. ಚಿಕ್ಕ ಬಿಳಿ ಡಬ್ಬಿ, ಮೇಲೆ ಏನೂ ಬರೆದಿಲ್ಲ. "ಜೆಲ್ ಮಾಡಿದ ದಿನ ರಾತ್ರಿ ಇದನ್ನು ಹಚ್ಚಿ, ಉರಿ ಇರಲ್ಲ" ಅಂದರು. ನಿಜ, ಉರಿ ಇರಲಿಲ್ಲ. ಹದಿನೈದು ದಿನಕ್ಕೆ ಮುಖ ಬೆಳ್ಳಗೆ, ಊರೆಲ್ಲಾ ಕೇಳುವುದೇ ಕೇಳುವುದು. ಮೂರು ತಿಂಗಳಿಗೆ ಹಚ್ಚದಿದ್ದರೆ ಮುಖ ಕೆಂಪಾಗಿ ಸುಡುತ್ತಿತ್ತು. ಸಣ್ಣ ರಕ್ತನಾಳ ಕಾಣತೊಡಗಿತು, ಗದ್ದದ ಮೇಲೆ ಕೂದಲು. ಮಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಸ್ಟೆರಾಯ್ಡ್ ಅಂದರು. ಬಿಡಿಸಿಕೊಳ್ಳಲು ಒಂದು ವರ್ಷ ಹಿಡಿಯಿತು. ಬಂಗು ಹೋಗಲಿಲ್ಲ, ಮೊದಲಿಗಿಂತ ಒಂದು ಸುತ್ತು ದೊಡ್ಡದೇ ಆಯಿತು.

ಓಪಿಡಿ_ಮುಗಿಸಿ (ಗುರುವಾರ ಮಧ್ಯಾಹ್ನ 3:30)

ಬರೆದಿದ್ದಕ್ಕೆ ಥ್ಯಾಂಕ್ಸ್. ಇದಕ್ಕೆ ನಮ್ಮಲ್ಲಿ "ಸ್ಟೆರಾಯ್ಡಿನಿಂದ ಕೆಟ್ಟ ಮುಖ" ಅಂತ ಹೆಸರೇ ಇದೆ. ದೇಶದ ಚರ್ಮವೈದ್ಯರ ಸಂಘ ಐಎಡಿವಿಎಲ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೆ ಹೆಸರಿಲ್ಲದ ಡಬ್ಬಿಗೆ ಶೆಡ್ಯೂಲ್ ಏನು ಮಾಡುತ್ತದೆ?

ಬಂಗು ಇರುವವರು ಮನೆಯಲ್ಲಿ ತಿಕ್ಕುವ ಯಾವುದನ್ನೂ ಮಾಡಬೇಡಿ. ಉಜ್ಜುವಿಕೆ, ಶಾಖ, ಬಿಸಿಲು ಮೂರೂ ಅದನ್ನು ಕೆರಳಿಸುತ್ತವೆ. ಸನ್‌ಸ್ಕ್ರೀನ್ ತಗೊಳ್ಳುವಾಗ ಬಣ್ಣ ಇರುವುದನ್ನು, ಐರನ್ ಆಕ್ಸೈಡ್ ಇರುವುದನ್ನು ನೋಡಿ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಕಾರಣ, ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ಮಂಡ್ಯದ_ಕಬ್ಬು (ಗುರುವಾರ ರಾತ್ರಿ 9:00)

ಇದೆಲ್ಲಾ ಓದಿ ಅರ್ಧ ಆಸೆ ಹೋಯಿತು. ಉಳಿದ ಅರ್ಧಕ್ಕೆ ಕೇಳುತ್ತಿದ್ದೇನೆ, ಹೇಗೆ ಶುರು ಮಾಡಬೇಕು? ಶೇವಿಂಗ್ ದಿನ?

ಲ್ಯಾಬ್‌ಕೋಟು (ಗುರುವಾರ ರಾತ್ರಿ 10:15)

ಮೊದಲು ಮೊಣಕೈ ಒಳಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ. ದಿನಕ್ಕೆರಡು ಸಲ, ಅದೇ ಜಾಗಕ್ಕೆ, ಒಂದು ವಾರದಿಂದ ಹತ್ತು ದಿನ. ತೊಳೆಯುವ ಜೆಲ್ಲಾದರೆ ಮುಖದ ಮೇಲೆ ಎಷ್ಟು ಹೊತ್ತು ಇಡುತ್ತೀರೋ ಅಷ್ಟೇ ಹೊತ್ತು ಇಟ್ಟು ತೊಳೆಯಿರಿ. ಒಂದೇ ರಾತ್ರಿ ಪರೀಕ್ಷೆ ಮಾಡಿ ಪಾಸ್ ಅನ್ನುವುದು ತಪ್ಪು, ಅಲರ್ಜಿ ಕೆಲವು ಸಲ ನಾಲ್ಕನೇ ದಿನಕ್ಕೆ ಏಳುತ್ತದೆ. ಪರಂಗಿಹಣ್ಣಿನ ಪಪೇನ್ ಇರುವ ಜೆಲ್ಲುಗಳಿವೆ, ಹಣ್ಣು ತಾನೇ ಅಂತ ಧೈರ್ಯ ಬೇಡ, ಅದಕ್ಕೂ ಅಲರ್ಜಿ ಆಗುತ್ತದೆ, ರಬ್ಬರ್ ಗ್ಲೌಸ್ ಆಗದವರಿಗೆ ಇನ್ನೂ ಜಾಸ್ತಿ.

ಮುಖಕ್ಕೆ ವಾರಕ್ಕೆ ಒಂದು ರಾತ್ರಿ, ತಿಂಗಳವರೆಗೆ. ಸುರುಳಿ ಜೆಲ್ಲಾದರೆ ಮುಖ ತೊಳೆದು, ಚೆನ್ನಾಗಿ ಒರೆಸಿ, ಗಡಿಯಾರ ನೋಡಿಕೊಂಡು 30 ಸೆಕೆಂಡ್. ಉಂಗುರದ ಬೆರಳಿನಲ್ಲಿ ತಿಕ್ಕಿ, ಅದಕ್ಕೆ ಬಲ ಕಡಿಮೆ. ಸುರುಳಿ ಇನ್ನೂ ಬರುತ್ತಿದೆ ಅಂತ ಮುಂದುವರಿಸಬೇಡಿ, ಜೆಲ್ ಇರುವವರೆಗೂ ಬಂದೇ ಬರುತ್ತದೆ! ಕಣ್ಣ ಸುತ್ತ, ತುಟಿ ಅಂಚು, ಮೂಗಿನ ಮಡಿಕೆ ಬಿಡಿ. ತೊಳೆದು ಸಾದಾ ಮಾಯಿಶ್ಚರೈಸರ್, ಮುಗಿಯಿತು. ಆ ರಾತ್ರಿ ಬೇರೆ ಏನೂ ಬೇಡ. ಆಸಿಡ್ ಜೆಲ್ ಮತ್ತು ಸುರುಳಿ ಜೆಲ್ ಎರಡನ್ನೂ ಇಟ್ಟುಕೊಳ್ಳಬೇಡಿ, ಒಂದನ್ನು ಆರಿಸಿ. ಕೆಲವು ಸುರುಳಿ ಜೆಲ್ಲಿನಲ್ಲಿ ಆಸಿಡ್ಡೂ ಇರುತ್ತದೆ, ಪಟ್ಟಿ ಓದಿ.

ಶೇವಿಂಗ್ ಅಂದರೇ ಎಕ್ಸ್‌ಫೋಲಿಯೇಶನ್. ಬ್ಲೇಡು ಕೂದಲಿನ ಜೊತೆ ಮೇಲಿನ ಸಿಪ್ಪೆಯನ್ನೂ ತೆಗೆಯುತ್ತದೆ. ಶೇವಿಂಗ್, ಥ್ರೆಡಿಂಗ್, ವ್ಯಾಕ್ಸಿಂಗ್ ಆದ ಎರಡು ಮೂರು ದಿನ ಜೆಲ್ ಮುಟ್ಟಬೇಡಿ. ಮತ್ತೆ ಮದುವೆಗೆ ಹತ್ತು ದಿನ ಇರುವಾಗ ಹೊಸದು ಏನನ್ನೂ ಶುರು ಮಾಡಬೇಡಿ. ಅರಿಶಿನ ಶಾಸ್ತ್ರದ ದಿನ ಸುಲಿದ ಮುಖದ ಮೇಲೆ ಅರಿಶಿನ ಬಿದ್ದರೆ ಫೋಟೋಗ್ರಾಫರ್ ಕೂಡ ಏನೂ ಮಾಡಲಾರ.

ಬೆಣ್ಣೆದೋಸೆ (ಮೂರೂವರೆ ವಾರದ ನಂತರ)

ಕೇಳಿದವರಿಗೆಲ್ಲಾ ಉತ್ತರ ಕೊಡದೆ ಮಾಯವಾಗಿದ್ದೆ, ಬೈಕೊಳ್ಳಬೇಡಿ.

ಉರಿ ಐದನೇ ದಿನಕ್ಕೆ ಕಡಿಮೆಯಾಯಿತು. ಮಿಂಚು ಹೋಗಲು ಎರಡು ವಾರ. ಮಧ್ಯದಲ್ಲಿ ಮೂಗಿನ ಪಕ್ಕ ನಿಜವಾದ ಸಿಪ್ಪೆ ಎದ್ದಿತು. ಪುಟ್ಟದು, ತೆಳ್ಳಗೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥದ್ದು, ಒಣಗಿದ ಈರುಳ್ಳಿ ಪೊರೆಯ ಹಾಗೆ. ಚರ್ಮ ಅಂದರೆ ಇದು ಅಂತ ಆಗ ಗೊತ್ತಾಯಿತು. ಆ ದಪ್ಪ ಬಿಳಿ ಸುರುಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಕೀಳಲು ಕೈ ತುರಿಸಿತು, ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಸುಮ್ನಾದೆ.

ಮೇಲ್ತುಟಿಯ ಮೇಲೆ ಥ್ರೆಡಿಂಗ್ ಮಾಡಿಸಿದ ಜಾಗದಲ್ಲಿ ಮಾತ್ರ ಕಂದು ನೆರಳು ಉಳಿದಿದೆ. ಡಾಕ್ಟರಿಗೆ ತೋರಿಸಿದೆ, ಮೂರ್ನಾಲ್ಕು ತಿಂಗಳು ಬೇಕು, ಸನ್‌ಸ್ಕ್ರೀನ್ ಬಿಡಬೇಡಿ ಅಂದರು. ದೂರದಿಂದ ಮೀಸೆ ಥರ ಕಾಣುತ್ತದೆ ಅಂತ ತಮ್ಮ ದಿನಾ ಹೇಳುತ್ತಾನೆ.

ಜೆಲ್ ಅರ್ಧ ಟ್ಯೂಬ್ ಉಳಿದಿದೆ, 600 ರೂಪಾಯಿ ಕೊಟ್ಟಿದ್ದು, ಬಿಸಾಕಲು ಮನಸ್ಸಿಲ್ಲ. ಮೊಣಕೈಗೆ ಹಚ್ಚಬಹುದಾ?

ಲ್ಯಾಬ್‌ಕೋಟು (ಅದೇ ದಿನ ರಾತ್ರಿ)

ಹಚ್ಚಬಹುದು, ವಾರಕ್ಕೊಂದು ಸಲ. ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಅಂತ ಅಂಕಿ ಇರುತ್ತದೆ, ಮುಚ್ಚಳ ತೆಗೆದಮೇಲೆ ಅಷ್ಟು ತಿಂಗಳೊಳಗೆ ಮುಗಿಸಿ. ಬಾತ್‌ರೂಮಿನ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟಿದ್ದರೆ ಅದೂ ಬೇಡ.

ಬೆಣ್ಣೆದೋಸೆ (ಅದೇ ದಿನ ರಾತ್ರಿ)

ಅಲ್ಲೇ ಇಟ್ಟಿದ್ದೆ.